ಎಲ್ಲಿಗೆ ಹೋಗೋಣ? ಮೊದಲು ಚೀಟಿ ಬರೆಯೋಣ!

ಕೊನೆಯ ಪರೀಕ್ಷೆ ಬರೆದು ಬಂದ ಮಕ್ಕಳು ಚೀಲವನ್ನು ಮೂಲೆಗೆ ಎಸೆದು ಕೇಳುವ ಪ್ರಶ್ನೆ ಎಲ್ಲ ಮನೆಯಲ್ಲೂ ಒಂದೇ. “ಈ ಸಲ ರಜೆಗೆ ಎಲ್ಲಿಗೆ ಹೋಗೋಣ?” ಒಬ್ಬರು ಹಂಪಿ ಅನ್ನುತ್ತಾರೆ, ಒಬ್ಬರು ಸಮುದ್ರ ಅನ್ನುತ್ತಾರೆ. ಅಪ್ಪ ಲೆಕ್ಕ ಹಾಕುತ್ತಾರೆ. ಅಮ್ಮ “ಯಾವುದಾದರೂ ಸರಿ, ಅಡುಗೆಮನೆ ಬಿಟ್ಟು ಹೋದರೆ ಸಾಕು” ಅನ್ನುತ್ತಾಳೆ. ಅಜ್ಜಿ-ತಾತ ಮಾತ್ರ, “ನೀವು ಎಲ್ಲಿ ಅಂದರೆ ಅಲ್ಲಿ” ಎಂದು ಸುಮ್ಮನಾಗುತ್ತಾರೆ. ತಪ್ಪು ಶುರುವಾಗುವುದು ಅಲ್ಲೇ.

ನಮ್ಮ ಮನೆಯಲ್ಲೂ ಹೋದ ವರ್ಷ ಹಾಗೇ ಆಯಿತು. ಆರು ಜನ, ಒಂದು ವ್ಯಾನು, ಮೂರು ದಿನ. ಶ್ರವಣಬೆಳಗೊಳ, ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ, ಶೃಂಗೇರಿ, ಹೊರನಾಡು. ಪಟ್ಟಿ ನೋಡಿದವರೆಲ್ಲ “ಭೇಷ್” ಅಂದರು. ಶ್ರವಣಬೆಳಗೊಳದ ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. ಅಜ್ಜಿಯ ಮಂಡಿ ಒಪ್ಪಲಿಲ್ಲ, ಕೆಳಗೇ ಕೂತರು. ಮುಳ್ಳಯ್ಯನಗಿರಿಯಲ್ಲೂ ಕೆಳಗೇ ಕೂತರು. ಬೇಲೂರಿನಲ್ಲಿ ಅವರು ಒಂದು ಕಂಬದ ಮುಂದೆ ನಿಂತಿದ್ದಾಗಲೇ “ಹೊತ್ತಾಯಿತು, ಹೊರಡೋಣ” ಎಂದು ಕರೆದುಕೊಂಡು ಬಂದೆವು. ಊರಿಗೆ ಬಂದ ಮೇಲೆ ಪಕ್ಕದ ಮನೆಯವರು, “ಪ್ರವಾಸ ಹೇಗಿತ್ತು?” ಎಂದು ಕೇಳಿದರು. ಅಜ್ಜಿ ನಗುತ್ತಲೇ ಹೇಳಿದರು: “ಎರಡು ದೇವಸ್ಥಾನ ಬಿಟ್ಟರೆ, ವ್ಯಾನ್ ನಿಲ್ಲಿಸೋ ಜಾಗಗಳನ್ನೆಲ್ಲ ಚೆನ್ನಾಗಿ ನೋಡ್ಕೊಂಡು ಬಂದೆ ಕಣಮ್ಮ!”

ಎಲ್ಲರೂ ನಕ್ಕೆವು. ಏಳನೇ ಕ್ಲಾಸಿನ ಮಗಳು ಮಾತ್ರ ನಗಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು: “ಅಮ್ಮ, ಅಜ್ಜಿಗೆ ಎಲ್ಲಿಗೆ ಹೋಗ್ಬೇಕು ಅಂತ ನಾವು ಕೇಳಿದ್ವಾ?”

ಕೇಳಿರಲಿಲ್ಲ. ಅವರಿಗೀಗ 71. ಇನ್ನು ಎಷ್ಟು ಬೇಸಿಗೆ ರಜೆಗೆ ಅವರ ಮಂಡಿ ನಮ್ಮ ಜೊತೆ ಬರುತ್ತದೋ ಯಾರಿಗೆ ಗೊತ್ತು? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ವರ್ಷ ಊರು ಆರಿಸುವ ಮೊದಲು ನಾವು ಚೀಟಿ ಬರೆದೆವು. ನಿಮ್ಮ ಮನೆಗೂ ಉಪಯೋಗವಾದೀತು ಎಂದು ಆ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಮೂರು ಸಾಲಿನ ಚೀಟಿ

ಒಂದು ಭಾನುವಾರ ತಿಂಡಿಯಾದ ಮೇಲೆ ಮಗಳು ಎಲ್ಲರ ಕೈಗೂ ಒಂದೊಂದು ಕಾಗದ ಕೊಟ್ಟಳು. ಬರೆಯಬೇಕಾದದ್ದು ಮೂರೇ ಸಾಲು.

ಒಂದು: ನನಗೆ ಬೇಕೇ ಬೇಕು.
ಎರಡು: ಇದ್ದರೆ ಚೆನ್ನ.
ಮೂರು: ನನ್ನ ಕೈಲಿ ಆಗುವುದಿಲ್ಲ.

ಇದಕ್ಕೆ ಎರಡು ನಿಯಮ. ಒಬ್ಬರು ಬರೆಯುವುದನ್ನು ಇನ್ನೊಬ್ಬರು ಇಣುಕಿ ನೋಡಬಾರದು. “ಏನಾದರೂ ಪರವಾಗಿಲ್ಲ” ಎಂದು ಯಾರೂ ಬರೆಯಬಾರದು. ಎರಡನೆಯ ನಿಯಮ ಅಜ್ಜಿ-ತಾತಂದಿರಿಗಾಗಿಯೇ ಮಾಡಿದ್ದು!

ಚೀಟಿ ಬಿಚ್ಚಿದಾಗ ನಾಲ್ಕನೇ ಕ್ಲಾಸಿನ ಮಗ ದೊಡ್ಡದಾಗಿ ಬರೆದಿದ್ದ: “ಹಂಪಿ”. ಅವನಿಗೆ ಕಲ್ಲಿನ ರಥದ ಮೇಲೆ ಅಂಥಾ ಪ್ರೀತಿ ಯಾವಾಗ ಹುಟ್ಟಿತು ಎಂದು ನಮಗೆ ಆಶ್ಚರ್ಯ. ತಾತ ಕೇಳಿದರು: “ಹಂಪೀಲಿ ಏನು ನೋಡ್ತೀಯೋ ಪುಟ್ಟ?” ಅವನು ಹೇಳಿದ: “ನನ್ನ ಫ್ರೆಂಡ್ ಅಲ್ಲಿ ಹರಿಗೋಲಲ್ಲಿ ಕೂತಿದ್ನಂತೆ. ಗಿರ್‍ರಂತ ತಿರುಗತ್ತಂತೆ!” ಅಂದರೆ ಅವನಿಗೆ ಬೇಕಾಗಿದ್ದದ್ದು ಹಂಪಿಯಲ್ಲ, ನೀರಿನ ಮೇಲೆ ಹೋಗುವುದು.

ನಾವು ಕಲಿತ ಮೊದಲ ಪಾಠ ಇದು. ಊರಿನ ಹೆಸರಿನ ಹಿಂದೆ ಒಂದು ಆಸೆ ಅಡಗಿರುತ್ತದೆ. ಹೆಸರಿಗೆ ಜಗಳವಾಡಿದರೆ ಜಗಳ ಮುಗಿಯುವುದಿಲ್ಲ. “ಅಲ್ಲಿ ಏನು ಮಾಡಬೇಕು?” ಎಂದು ಕೇಳಿದರೆ ಆಸೆ ಹೊರಗೆ ಬರುತ್ತದೆ. ಆಸೆಯನ್ನು ಪೂರೈಸುವ ಊರು ಒಂದಲ್ಲ, ಹತ್ತು ಇರುತ್ತವೆ.

ಮಗಳ ಚೀಟಿಯಲ್ಲಿ “ಹಕ್ಕಿ ನೋಡಿ ಚಿತ್ರ ಬರೆಯಬೇಕು” ಎಂದಿತ್ತು. ಆಗದ್ದು ಘಾಟಿ ರಸ್ತೆ, ವಾಂತಿ ಬರುತ್ತದೆ. ಅಪ್ಪ ಬರೆದದ್ದು “18,000 ರೂಪಾಯಿ ದಾಟಬಾರದು”. ನನ್ನದು “ಮೂರು ದಿನ ಒಲೆ ಹಚ್ಚುವುದಿಲ್ಲ”.

ಅಜ್ಜಿ ಹೀಗೆ ಬರೆದಿದ್ದರು: “ಕೆತ್ತನೆ ಕೆಲಸವನ್ನು ಕೂತು ನೋಡಬೇಕು. ಯಾರೂ ಏಳಿ ಏಳಿ ಅನ್ನಬಾರದು.” ಆಗದ್ದು, “20ಕ್ಕಿಂತ ಹೆಚ್ಚು ಮೆಟ್ಟಿಲು”. ದಿನಾ ಬೆಳಿಗ್ಗೆ ಬಾಗಿಲಿಗೆ ಚುಕ್ಕಿ ಇಟ್ಟು ರಂಗೋಲಿ ಹಾಕುವ ಅಜ್ಜಿ ಬೇಲೂರಿನ ಕಂಬದ ಮುಂದೆ ಯಾಕೆ ನಿಂತಿದ್ದರು ಎಂಬುದು ನಮಗೆ ಆಗ ಅರ್ಥವಾಯಿತು.

ತಾತನಿಗೆ ರೈಲು ಬೇಕೇ ಬೇಕು. ಮಧ್ಯಾಹ್ನ ಒಂದು ಗಂಟೆ ನಿದ್ದೆ ಇದ್ದರೆ ಚೆನ್ನ. ಮೂರನೆಯ ಸಾಲನ್ನು ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರು: “ಶೌಚಾಲಯ ಇಲ್ಲದೆ ಎರಡು ಗಂಟೆ ಕೂರಲು ಆಗುವುದಿಲ್ಲ.” ಹೋದ ವರ್ಷ ಮೂರೂ ದಿನ ಅವರು ಯಾಕೆ ನೀರೇ ಕುಡಿಯುತ್ತಿರಲಿಲ್ಲ ಎಂಬುದು ಆ ಒಂದು ಸಾಲಿನಲ್ಲಿತ್ತು. ಬಾಯಿಬಿಟ್ಟು ಹೇಳಲಾಗದ್ದನ್ನು ಚೀಟಿ ಹೇಳಿತು.

ಜರಡಿ ಹಿಡಿಯುವುದು ಹೇಗೆ?

ಆರು ಚೀಟಿಗಳನ್ನು ಮುಂದಿಟ್ಟುಕೊಂಡು ಮೊದಲು ಎಲ್ಲರ ಮೂರನೆಯ ಸಾಲನ್ನು ಓದಿ. “ಆಗುವುದಿಲ್ಲ” ಎಂಬುದಕ್ಕೆ ವಾದವಿಲ್ಲ. ಮೆಟ್ಟಿಲು ಬೇಡ, ಘಾಟಿ ಬೇಡ ಎಂದ ಕೂಡಲೇ ನಮ್ಮ ಪಟ್ಟಿಯಿಂದ ಅರ್ಧ ಜಾಗಗಳು ಹೊರಬಿದ್ದವು. ಆಮೇಲೆ ಮೊದಲ ಸಾಲು. ಪ್ರತಿಯೊಬ್ಬರ “ಬೇಕೇ ಬೇಕು” ಒಂದಾದರೂ ನೆರವೇರಬೇಕು. ಎರಡನೆಯ ಸಾಲು ಊಟದ ಕೊನೆಯ ಹಪ್ಪಳದಂತೆ, ಸಿಕ್ಕರೆ ಸಂತೋಷ.

ನಾಲ್ಕನೆಯ ಜರಡಿ ಕಾಲ. ಇದನ್ನು ಬಹಳ ಜನ ಮರೆಯುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಹಂಪಿಯ ಬಂಡೆಗಳು ಕಾದ ಹೆಂಚಿನಂತಿರುತ್ತವೆ. ಬಾದಾಮಿ, ವಿಜಯಪುರದ ಕಡೆಯೂ ಉರಿಬಿಸಿಲು. ಜೋಗದ ರಾಜ, ರಾಣಿ, ರೋರರ್, ರಾಕೆಟ್ ಧುಮುಕುವುದನ್ನು ನೋಡಲು ಬೇಸಿಗೆಯಲ್ಲಿ ಹೋದರೆ ಬಂಡೆ ನೋಡಿ ಬರಬೇಕಾದೀತು. ಮಳೆಗಾಲದ ನಡುವೆ ಹೋದರೆ ಮಂಜು ಮುಚ್ಚಿರಬಹುದು. ಮಳೆ ಹಿಂದೆ ಸರಿಯುವ ಹೊತ್ತು, ಅಂದರೆ ದಸರಾ ರಜೆ, ಅದಕ್ಕೆ ಸರಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿಯೇ ಇರುವುದಿಲ್ಲ.

ಹಾಗಾಗಿ ಮಗನಿಗೆ ನಾವು “ಹಂಪಿ ಬೇಡ” ಎನ್ನಲಿಲ್ಲ. “ಈಗ ಬೇಡ, ಡಿಸೆಂಬರಿಗೆ” ಎಂದೆವು. ಮಕ್ಕಳೇ, ಈ ಎರಡು ಮಾತಿಗೆ ಎಷ್ಟು ವ್ಯತ್ಯಾಸವಿದೆ ನೋಡಿ! ದೊಡ್ಡವರೇ, ಹಾಗೆ ಹೇಳಿದ ಮೇಲೆ ಆ ಚೀಟಿಯನ್ನು ಎಸೆಯಬೇಡಿ. ನಮ್ಮ ಮನೆಯಲ್ಲಿ ಅದು ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿದೆ, ಮಗ ಆಗಾಗ ತೆಗೆದು ನೋಡುತ್ತಾನೆ.

ಯಾರ ಆಸೆಗೆ ಯಾವ ಜಾಗ?

ಕಲ್ಲಿನ ಕೆತ್ತನೆ ಇಷ್ಟ, ಮಂಡಿ ಕಷ್ಟ ಎನ್ನುವವರಿಗೆ ಹಳೇಬೀಡು, ಸೋಮನಾಥಪುರ, ಪಟ್ಟದಕಲ್ಲು ಒಳ್ಳೆಯ ಆಯ್ಕೆ. ಮೂರೂ ಸಮತಟ್ಟಾದ ಜಾಗದಲ್ಲಿವೆ, ಸುತ್ತ ಹುಲ್ಲುಹಾಸು ಇದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪಟ್ಟದಕಲ್ಲು 1987ರಲ್ಲೇ ಸೇರಿತ್ತು. ಪಟ್ಟದಕಲ್ಲಿನ ಹತ್ತಿರವೇ ಇರುವ ಬಾದಾಮಿಯ ಗುಹೆಗಳಿಗೆ ಮಾತ್ರ ಮೆಟ್ಟಿಲು ಹತ್ತಬೇಕು. ಮೊಮ್ಮಕ್ಕಳು ಹತ್ತಲಿ, ಅಜ್ಜಿ-ತಾತ ಕೆಳಗೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೂರಬಹುದು. ಆದರೆ ಹಾಗೆ ಕೂರುವುದು ಅವರ ಆಯ್ಕೆಯಾಗಿರಬೇಕು.

ಹಕ್ಕಿ ಪ್ರಿಯರಿಗೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮನೆಯ ಮಕ್ಕಳಂತೆ ಕಾಯುತ್ತ ಬಂದಿದ್ದಾರೆ. ಆನೆ ನೋಡಬೇಕೆಂದರೆ ಶಿವಮೊಗ್ಗದ ಬಳಿಯ ಸಕ್ರೆಬೈಲು ಇದೆ, ಬೆಳಿಗ್ಗೆಯೇ ಹೋಗಬೇಕು.

ಯಂತ್ರ, ವಿಜ್ಞಾನ ಎಂದರೆ ಕಣ್ಣರಳಿಸುವವರಿಗೆ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಮತ್ತು ನೆಹರೂ ತಾರಾಲಯ, ಮೈಸೂರಿನ ರೈಲು ವಸ್ತುಸಂಗ್ರಹಾಲಯ. ಸದ್ದಿನ ಆಟ ಬೇಕೆ? ವಿಜಯಪುರದ ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಚಳಿಗಾಲದಲ್ಲಿ ಹೋಗಿ. ಮೇಲೆ ಹೋಗಲು ಕಡಿದಾದ ಮೆಟ್ಟಿಲುಗಳಿವೆ ಎಂಬುದು ನೆನಪಿರಲಿ. ರೈಲಿನಲ್ಲಿ ಕೂರುವುದೇ ಸುಖ ಎನ್ನುವವರಿಗೆ ಬೆಂಗಳೂರು-ಮಂಗಳೂರು ಹಗಲು ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ 57 ಸುರಂಗಗಳು. ಎಣಿಸುವ ಕೆಲಸ ಮೊಮ್ಮಕ್ಕಳದ್ದು, ತಪ್ಪು ಹಿಡಿಯುವ ಕೆಲಸ ತಾತನದು.

ಪುಸ್ತಕ ಪ್ರೀತಿಯ ಮನೆಯವರು ಕುಪ್ಪಳಿಗೆ ಹೋಗಬಹುದು. ಕುವೆಂಪು ಬಾಳಿದ ಕವಿಮನೆ, ಅವರು ಸಂಜೆ ಕೂರುತ್ತಿದ್ದ ಕವಿಶೈಲ ಅಲ್ಲಿವೆ. ಅದು ಮಲೆನಾಡು, ರಸ್ತೆಯಲ್ಲಿ ತಿರುವುಗಳು ಹೆಚ್ಚು.

ಇನ್ನೊಂದು ಜಾಗ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದು ಅಜ್ಜಿಯ ಊರು, ಅಥವಾ ಅಜ್ಜಿ ಹುಟ್ಟಿದ ಊರು. ಅವರು ಓದಿದ ಶಾಲೆ, ಈಜಿದ ಕೆರೆ, ಕದ್ದು ತಿಂದ ಮಾವಿನ ಮರ. ಟಿಕೆಟ್ ಇಲ್ಲ, ಗೈಡ್ ಜೊತೆಯಲ್ಲೇ ಇರುತ್ತಾರೆ!

ದುಡ್ಡಿನ ಮಾತು ಮುಚ್ಚಿಡಬೇಡಿ

“ದುಡ್ಡಿನ ವಿಷಯ ಮಕ್ಕಳಿಗೆ ಯಾಕೆ?” ಎನ್ನುವವರಿದ್ದಾರೆ. ನಮ್ಮ ಅನುಭವವೇ ಬೇರೆ. ಮಗಳ ಕೈಗೆ ಪೆನ್ಸಿಲ್ ಕೊಟ್ಟು, ಪ್ರಯಾಣ, ವಸತಿ, ಊಟ, ಊರೊಳಗಿನ ಓಡಾಟ, ಟಿಕೆಟ್ ಎಂದು ಐದು ಸಾಲು ಹಾಕಿಸಿದೆವು. ಮೊತ್ತದ ಹತ್ತರಲ್ಲಿ ಒಂದು ಭಾಗವನ್ನು ಆಪತ್ತಿಗೆಂದು ಮೊದಲೇ ಪಕ್ಕಕ್ಕಿಟ್ಟಳು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ ಎಂದು ಗೊತ್ತಾದಾಗ, ತಾನೇ ಉಳಿಸಿದಷ್ಟು ಖುಷಿ ಅವಳಿಗೆ.

ಅಲ್ಲೇ ಒಂದು ಪರೀಕ್ಷೆಯೂ ಎದುರಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನಮ್ಮಲ್ಲಿ ಅಜ್ಜಿ, ನಾನು, ಮಗಳು ಸೇರಿ ಮೂವರು. ಬಸ್ಸಿಗೇ ಹೋದರೆ ಅರ್ಧ ಖರ್ಚು ಉಳಿಯಿತು! ಆದರೆ ತಾತನ ಚೀಟಿ? ಅಜ್ಜಿಯೇ ತೀರ್ಪು ಕೊಟ್ಟರು: “ಉಳಿಸೋ ದುಡ್ಡಿಗೆ ಅವರು ನೀರು ಕುಡಿಯದೆ ಕೂರೋದು ಬೇಡ. ರೈಲಲ್ಲೇ ಹೋಗೋಣ.” ರೈಲಿನಲ್ಲಿ ಶೌಚಾಲಯವಿದೆ, ತಾತನ ಮೊದಲ ಸಾಲೂ ಮೂರನೆಯ ಸಾಲೂ ಒಟ್ಟಿಗೇ ಮುಗಿದವು. ಆದ್ಯತೆ ಎಂದರೆ ಇದೇ ಅಲ್ಲವೇ? ಕಡಿಮೆ ಖರ್ಚಿನದೇ ಎಲ್ಲ ಸಲವೂ ಸರಿಯಾದ ಆಯ್ಕೆಯಲ್ಲ. ಬೇರೆ ಮನೆಯಲ್ಲಿ ಲೆಕ್ಕ ಬೇರೆಯಾಗಬಹುದು, ಆಗ ಬಸ್ಸೇ ಸರಿ.

ಮೊದಲೇ ಕೇಳಬೇಕಾದ ಐದು ಪ್ರಶ್ನೆ

ಊರು ಗೊತ್ತಾದ ಮೇಲೆ ವಿಚಾರಿಸುವ ಕೆಲಸವನ್ನು ಮಕ್ಕಳಿಗೆ ಕೊಡಿ. ವಸತಿಯವರಿಗೆ, ನೋಡುವ ಜಾಗದವರಿಗೆ ಫೋನ್ ಮಾಡಿ ಇಷ್ಟು ಕೇಳಲಿ:

1. ವಾರದಲ್ಲಿ ಯಾವ ದಿನ ರಜೆ?
2. ಗಾಡಿ ನಿಲ್ಲಿಸುವ ಜಾಗದಿಂದ ಎಷ್ಟು ದೂರ ನಡೆಯಬೇಕು? ಮೆಟ್ಟಿಲೆಷ್ಟು?
3. ಶೌಚಾಲಯ ಎಲ್ಲಿದೆ?
4. ಕೂರಲು ನೆರಳಿದೆಯೇ? ಕುಡಿಯುವ ನೀರಿದೆಯೇ?
5. ನೆಲಮಹಡಿಯಲ್ಲಿ ಕೋಣೆ ಸಿಗುತ್ತದೆಯೇ?

ಮೊದಲ ಪ್ರಶ್ನೆಯೇ ನಮ್ಮನ್ನು ಕಾಪಾಡಿತು. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ನಾವು ಹೋಗಬೇಕೆಂದಿದ್ದದ್ದೇ ಮಂಗಳವಾರ! ಸೋಮವಾರಕ್ಕೆ ಬದಲಾಯಿಸಿದೆವು.

ರೈಲಿನ ಟಿಕೆಟ್ಟನ್ನು ಈಗ 60 ದಿನ ಮುಂಚಿತವಾಗಿ ಕಾಯ್ದಿರಿಸಬಹುದು. ರಾತ್ರಿ ಪ್ರಯಾಣವಾದರೆ ಹಿರಿಯರಿಗೆ ಕೆಳಗಿನ ಬರ್ತ್ ಬೇಕೆಂದು ಆಗಲೇ ಗುರುತು ಮಾಡಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಎರಡು ದಿನಕ್ಕಾಗುವಷ್ಟು ಹೆಚ್ಚಾಗಿ ಇಟ್ಟುಕೊಳ್ಳಿ, ಡಾಕ್ಟರ ಚೀಟಿಯೂ ಜೊತೆಗಿರಲಿ.

ಕೊನೆಗೆ ನಾವು ಹೋದದ್ದು

ಎಲ್ಲ ಜರಡಿ ದಾಟಿ ಉಳಿದದ್ದು ನಮ್ಮ ಬೆಂಗಳೂರಿನಿಂದ ಮೂರು ಗಂಟೆ ದೂರದ ಮೈಸೂರು. “ಮೈಸೂರಾ? ನೋಡಿದ್ದೇ ಅಲ್ವಾ?” ಎಂದು ಮಗ ಮುಖ ಸಣ್ಣದು ಮಾಡಿದ. ಮೂರು ದಿನಕ್ಕೆ ನಾಲ್ಕೇ ಜಾಗ. ಬೆಳಿಗ್ಗೆ 11ರೊಳಗೆ ಒಂದು, ಸಂಜೆಗೊಂದು. ನಡುವೆ ಊಟ, ತಾತನ ನಿದ್ದೆ.

ಭಾನುವಾರ ಸಂಜೆ ಅರಮನೆಯ ದೀಪಗಳನ್ನು ನೋಡಿದೆವು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಅವನ್ನು ಹಚ್ಚುತ್ತಾರೆ. ಸೋಮವಾರ ಬೆಳಿಗ್ಗೆ ರಂಗನತಿಟ್ಟು. ಕಾವೇರಿಯ ನಡುಗಡ್ಡೆಗಳ ಈ ಜಾಗವನ್ನು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ದೋಣಿಯವರು ಕೈ ಹಿಡಿದು ಅಜ್ಜಿಯನ್ನು ಹತ್ತಿಸಿಕೊಂಡರು. ಮರದ ತುಂಬ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದಂಥ ಕೊಕ್ಕಿನ ಹಕ್ಕಿ. ಮಗಳ ಪೆನ್ಸಿಲ್ ನಿಲ್ಲಲಿಲ್ಲ. ಒಂದು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ಮೊದಲು ಕಂಡವರು ಯಾರು ಗೊತ್ತೇ? ಅಜ್ಜಿ! “ಏ ಪುಟ್ಟ, ಅಲ್ನೋಡೋ!” ಎಂದು ಅವರು ಕೂಗಿದ್ದಕ್ಕೆ ದೋಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಗ ಆಮೇಲೆ ಹಂಪಿಯ ಸುದ್ದಿ ತೆಗೆಯಲಿಲ್ಲ. ಆ ದಿನ ಮಧ್ಯಾಹ್ನ ಅಪ್ಪ-ಮಕ್ಕಳು ಮೃಗಾಲಯಕ್ಕೆ ಹೋದರು. ಅಜ್ಜಿ-ತಾತ ವಸತಿಯಲ್ಲೇ ಉಳಿದು ಕಾಫಿ ಕುಡಿದರು. ಪ್ರವಾಸವೆಂದ ಮಾತ್ರಕ್ಕೆ ಆರೂ ಜನ ಹೊತ್ತೊತ್ತಿಗೂ ಅಂಟಿಕೊಂಡೇ ಇರಬೇಕೆಂದಿಲ್ಲ.

ಮಂಗಳವಾರ ಸೋಮನಾಥಪುರ. 13ನೆಯ ಶತಮಾನದ ಕೇಶವ ದೇವಾಲಯ. ಮೂರ್ತಿಗಳ ಪೀಠದ ಮೇಲೆ ಶಿಲ್ಪಿಗಳು ಹಳಗನ್ನಡದಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಮಲ್ಲಿತಮ್ಮ ಎಂಬ ಹೆಸರು ಹಲವು ಕಡೆ ಇದೆ. ಮಕ್ಕಳು ಅದನ್ನು ಹುಡುಕುತ್ತ ಸುತ್ತು ಹಾಕಿದರು. ಒಂದು ಎಡವಟ್ಟೂ ಆಯಿತು. ನಾವು ತಲುಪಿದ್ದು ಸ್ವಲ್ಪ ತಡ, 11ರ ಹೊತ್ತಿಗೆ ಕಲ್ಲು ಕಾದು ಬರಿಗಾಲು ಚುರ್ ಎನ್ನತೊಡಗಿತು. ದಪ್ಪ ಕಾಲುಚೀಲ ತರಬೇಕಿತ್ತು. ನೀವು ಮರೆಯಬೇಡಿ.

ಗುಡಿಯ ಸುತ್ತ 64 ಚಿಕ್ಕ ಗುಡಿಗಳ ಕೈಸಾಲೆ ಇದೆ, ಅಲ್ಲಿ ತಣ್ಣನೆಯ ನೆರಳು. ಅಜ್ಜಿ ಅಲ್ಲಿ ಕೂತು ನಕ್ಷತ್ರದಂತೆ ಮೂಲೆ ಮೂಲೆಯಾಗಿ ಹೊರಚಾಚಿದ ಜಗಲಿಯನ್ನೇ ನೋಡುತ್ತಿದ್ದರು. ಆಮೇಲೆ ಮಗಳ ಚಿತ್ರದ ಪುಸ್ತಕ ಕೇಳಿ ತೆಗೆದುಕೊಂಡು, ಚುಕ್ಕಿ ಇಟ್ಟು ಅದರ ಗೆರೆ ಎಳೆಯತೊಡಗಿದರು. ಒಮ್ಮೆ ತಪ್ಪಿತು, ಅಳಿಸಿದರು. ಮತ್ತೆ ಎಳೆದರು. ಮಗಳು ಪಕ್ಕದಲ್ಲಿ ಕೂತು ಮೂಲೆ ಎಣಿಸಿದಳು. ಗಂಟೆ 12 ಆಯಿತು, 12:30 ಆಯಿತು. ಯಾರೂ “ಹೊರಡೋಣ” ಎನ್ನಲಿಲ್ಲ. ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು.

ಮನೆಗೆ ಬಂದ ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಸೋಮನಾಥಪುರ ಅರಳಿತ್ತು. ಅರ್ಧ ಅಜ್ಜಿ ಹಾಕಿದ್ದು, ಅರ್ಧ ಮೊಮ್ಮಗಳು. ಪಕ್ಕದ ಮನೆಯವರು ನಿಂತು ನೋಡಿ, “ಈ ಸಲ ಎಲ್ಲೆಲ್ಲಿ ಹೋಗಿದ್ರಿ?” ಎಂದು ಕೇಳಿದರು. ಅಜ್ಜಿ ರಂಗೋಲಿ ಪುಡಿಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಬನ್ನಿ ಒಳಗೆ, ಕೂತ್ಕೊಂಡು ಹೇಳ್ತೀನಿ” ಅಂದರು. ಒಂದು ಗಂಟೆ ಹೇಳಿದರು.

ಮಕ್ಕಳೇ, ಈ ಭಾನುವಾರ ನಿಮ್ಮ ಮನೆಯಲ್ಲೂ ಕಾಗದ ಹಂಚಿ. ಅಜ್ಜಿ-ತಾತ “ನೀವು ಎಲ್ಲಿ ಅಂದರೆ ಅಲ್ಲಿ” ಅಂದರೆ ಒಪ್ಪಬೇಡಿ, ಪೆನ್ನು ಕೈಗೆ ಕೊಟ್ಟು ಎದುರಿಗೇ ಕೂತುಬಿಡಿ. ಅಜ್ಜಿ-ತಾತಂದಿರೇ, ನೀವು ಆ ಮೂರನೆಯ ಸಾಲನ್ನು ದೊಡ್ಡ ಅಕ್ಷರದಲ್ಲೇ ಬರೆಯಿರಿ. ಅದನ್ನು ಓದಲು ನಿಮ್ಮ ಮೊಮ್ಮಕ್ಕಳಿಗೆ ಖಂಡಿತ ಬರುತ್ತದೆ.